ಬಿಸಿಲು ತಾಗದವರು

ರುಜಾಯ್ ಸೌರ ಫಲಕಗಳ ಸಾಲಿನ ನಡುವೆ ಕುಸಿದು ಬಿದ್ದಾಗ ಅವಳ ಕೈಯ ತಾಪಪಟ್ಟಿ ಹಸಿರು ಬೆಳಕನ್ನೇ ತೋರಿಸುತ್ತಿತ್ತು.

ಅಕ್ಕ ಅಗ್ನೇಲಾ ಪಕ್ಕದ ಸಾಲಿನಲ್ಲಿ ಫಲಕ ತೊಳೆಯುತ್ತಿದ್ದಳು. ಬಕೆಟ್ ಉರುಳಿದ ಸದ್ದು ಕೇಳಿ ಓಡಿ ಬಂದಳು. ತಂಗಿಯ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಬೆವರು ಒಂದು ಹನಿಯೂ ಇರಲಿಲ್ಲ. ಕಣ್ಣುಗಳು ತೆರೆದಿದ್ದವು, ಆದರೆ ಎದುರಿಗಿದ್ದ ಅಕ್ಕನ ಗುರುತು ಅವುಗಳಿಗೆ ಸಿಗುತ್ತಿರಲಿಲ್ಲ.

ಮೇಸ್ತ್ರಿ ಬಂದು ಬಗ್ಗಿ ಅವಳ ಮಣಿಕಟ್ಟು ನೋಡಿದ. "ಪಟ್ಟಿ ಹಸರ ಐತಲ್ಲ. ಇದು ಬಿಸಲಿಂದ ಆಗಿದ್ದಲ್ಲ. ಮುಂಜಾನೆ ಏನೂ ತಿಂದಿಲ್ಲ ಅನಸ್ತೈತಿ."

"ಪಟ್ಟಿ ಬಿಡ್ರಿ, ಮೈ ಮುಟ್ಟಿ ನೋಡ್ರಿ!" ಅಂದಳು ಅಗ್ನೇಲಾ.

ಪಟ್ಟಿ ಕೆಂಪಾಗಿದ್ದರೆ ಆಂಬುಲೆನ್ಸ್ ತಾನಾಗಿಯೇ ಹೊರಟು ಬರುತ್ತಿತ್ತು. ಹಸಿರಾಗಿದ್ದರಿಂದ ಯಾರೂ ಬರಲಿಲ್ಲ. ಹೆಂಗಸರೇ ಸೇರಿ ರುಜಾಯ್‌ಳ ಮೈಮೇಲೆ ನೀರು ಸುರಿದು, ಒದ್ದೆ ಸೀರೆ ಸುತ್ತಿ, ಟ್ರ್ಯಾಕ್ಟರಿನಲ್ಲಿ ಹಳಿಯಾಳದ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿನ ವೈದ್ಯೆ ದೇಹದೊಳಗಿನ ಉಷ್ಣತೆ ಅಳೆದು ಗಾಬರಿಯಾದಳು. ಅಷ್ಟು ತಾಪದಲ್ಲಿ ಜೀವ ಉಳಿದದ್ದೇ ಹೆಚ್ಚು. ಇಂಥ ಮೈಯ ಮೇಲೆ ಹಸಿರು ಪಟ್ಟಿ ಹೇಗಿತ್ತು ಎಂದು ಅವಳಿಗೆ ಅರ್ಥವಾಗಲಿಲ್ಲ. ಅದೇ ಸಂಜೆ ಧಾರವಾಡದ ಹವಾಮಾನ ವಿಶ್ವವಿದ್ಯಾಲಯಕ್ಕೆ ವರದಿ ಕಳಿಸಿದಳು.

ಆ ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ಬಯಲಲ್ಲಿ ದುಡಿಯುವ ಎಲ್ಲರ ಕೈಗೂ ತಾಪಪಟ್ಟಿ ಬಂದಿತ್ತು. ಬೇಸಿಗೆ ಮೊದಲಿನ ಬೇಸಿಗೆಯಾಗಿ ಉಳಿದಿರಲಿಲ್ಲ. ಮಧ್ಯಾಹ್ನದ ಬಿಸಿಲು ಆಳು ಬೀಳಿಸುವಷ್ಟು ಕ್ರೂರವಾಗಿತ್ತು. ಪಟ್ಟಿಯೊಳಗಿನ ಸಣ್ಣ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಟ್ಟು, ಮರಳಿ ಬಂದ ಬೆಳಕಿನಿಂದ ನಾಡಿಯ ಬಡಿತ ಎಣಿಸಿ, ದೇಹದೊಳಗೆ ಎಷ್ಟು ತಾಪ ಏರಿದೆ ಎಂದು ಲೆಕ್ಕ ಹಾಕುತ್ತಿತ್ತು. ಅಪಾಯವಾದರೆ ಪಟ್ಟಿ ಕೆಂಪಾಗಿ ಕೂಗಿಕೊಳ್ಳುವುದು. ಕೆಂಪಾದವರನ್ನು ನೆರಳಿಗೆ ಕಳಿಸಲೇಬೇಕೆಂದು ಕಾನೂನಿತ್ತು. ಪಟ್ಟಿಗಳ ಸಂಕೇತವೆಲ್ಲ ಧಾರವಾಡದ ನಿಯಂತ್ರಣ ಕೊಠಡಿಯ ದೊಡ್ಡ ನಕಾಶೆಗೆ ಬಂದು ಸೇರುತ್ತಿತ್ತು. ನೀರಿನ ಟ್ಯಾಂಕರ್ ಎಲ್ಲಿಗೆ ಹೋಗಬೇಕು, ತಂಪುಮನೆ ಎಲ್ಲಿ ಕಟ್ಟಬೇಕು ಎಂಬುದನ್ನು ಆ ನಕಾಶೆಯೇ ಹೇಳುತ್ತಿತ್ತು.

ಆ ನಕಾಶೆಯಲ್ಲಿ, ರುಜಾಯ್‌ಳ ಕೇರಿಯೂ ಸೇರಿ, ಹಳಿಯಾಳದ ಸುತ್ತಲಿನ ಸಿದ್ದಿಗಳ ಕೇರಿಗಳು ಎಂದೂ ಕೆಂಪಾಗಿರಲಿಲ್ಲ. ಸಿದ್ದಿಗಳ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಬಂದವರು, ಬಹಳ ಮಂದಿ ಗುಲಾಮರಾಗಿ ತರಲ್ಪಟ್ಟವರು. ನಕಾಶೆ ನೋಡಿದವರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಅವರ ರಕ್ತದಲ್ಲೇ ಬಿಸಿಲು ತಾಳುವ ಗುಣವಿದೆ ಎಂದು ಒಬ್ಬರು ಬರೆದರು, ನಾಲ್ವರು ಅದನ್ನೇ ಹೇಳಿದರು. ಸಿದ್ದಿಗಳಿಗೆ ಬಿಸಿಲು ತಾಗುವುದಿಲ್ಲ ಎಂಬ ಮಾತು ಗುತ್ತಿಗೆದಾರರ ಕಿವಿಗೂ ಬಿತ್ತು. ಮಧ್ಯಾಹ್ನದ ಪಾಳಿಗೆಲ್ಲ ಸಿದ್ದಿಗಳನ್ನೇ ಕರೆಯತೊಡಗಿದರು. ಹಿಂದಿನ ಬೇಸಿಗೆಯಲ್ಲಿ ಅವಳ ಕೇರಿಯ ಸಾಂತಾನಜ್ಜ ಅದೇ ಸೌರ ಬಯಲಿನಲ್ಲಿ ಸತ್ತಾಗ, ಪಟ್ಟಿ ಹಸಿರಾಗಿದ್ದ ಕಾರಣಕ್ಕೆ, ಹೃದಯ ನಿಂತು ಸತ್ತ ಎಂದು ಬರೆದು ಮುಗಿಸಿದ್ದರು.

ವೈದ್ಯೆಯ ವರದಿ ಬಂದು ತಲುಪಿದ್ದು ವಾರಿಜಾ ಹೊಂಬಳ ಎಂಬ ವಿಜ್ಞಾನಿಯ ಮೇಜಿಗೆ. ನಕಾಶೆಯ ತಪ್ಪುಒಪ್ಪು ನೋಡುವುದು ಅವಳ ಕೆಲಸ. ರುಜಾಯ್‌ಳ ಪಟ್ಟಿ ಕಳಿಸಿದ್ದ ಮೂಲ ಸಂಕೇತಗಳನ್ನು ಅವಳು ಬಿಡಿಸಿ ನೋಡಿದಳು. ಅಲ್ಲಿ ನಾಡಿಯೇ ಇರಲಿಲ್ಲ. ದಟ್ಟ ಬಣ್ಣದ ಚರ್ಮ ಹಸಿರು ಬೆಳಕನ್ನು ಬಹುಪಾಲು ಹೀರಿಬಿಡುತ್ತಿತ್ತು. ಮರಳಿ ಬರುವ ಬೆಳಕು ಸಾಲದೆ ಪಟ್ಟಿಗೆ ನಾಡಿ ಕಾಣದೆ ಹೋದಾಗ, ಅದರ ಗಣಕ ಸುಮ್ಮನಿರುವ ಬದಲು ನೆರಳಲ್ಲಿ ಕೂತವರ ಸರಾಸರಿ ನಾಡಿಯನ್ನು ಆ ಜಾಗಕ್ಕೆ ತುಂಬುತ್ತಿತ್ತು. ಕಾಣದ ದೇಹವನ್ನೆಲ್ಲ ಅದು ಕ್ಷೇಮವಾಗಿದೆ ಎಂದು ಎಣಿಸಿತ್ತು.

ವಾರಿಜಾ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಗುರುಶಾಂತ ಹಿರೇಹಾಳರ ಬಳಿ ಓಡಿದಳು.

"ಸರ್, ಸಿದ್ದಿಗಳಿಗೆ ಬಿಸಿಲು ತಾಗೂದಿಲ್ಲ ಅನ್ನೋದು ಸುಳ್ಳು. ನಮ್ಮ ಪಟ್ಟಿಗೆ ಅವರು ಕಾಣ್ಸೂದೇ ಇಲ್ಲ."

ಗುರುಶಾಂತ ಅವಳು ಬಿಡಿಸಿದ ಸಂಕೇತಗಳನ್ನು ಪರದೆಯ ಮೇಲೆ ತೆರೆದು ನೋಡಿದರು. "ಒಬ್ಬಾಕಿ ಪಟ್ಟಿ ಕೆಟ್ಟಿರಬಹುದು, ವಾರಿಜಾ. ನೂರಾರು ಮಂದಿ ಮ್ಯಾಲೆ ಪರೀಕ್ಷಾ ಆಗ್ಬೇಕು. ಸಾಕ್ಷಿ ಇಲ್ಲದೆ ಇಡೀ ವ್ಯವಸ್ಥಾ ಹೆಂಗ ಬದಲಿ ಮಾಡ್ಲಿ?"

ಪರೀಕ್ಷೆಯ ದಾರಿ ವಾರಿಜಾಳಿಗೆ ಗೊತ್ತಿತ್ತು. ಔಷಧದ ಗುಳಿಗೆಯಷ್ಟೇ ದೊಡ್ಡದಾದ ಉಷ್ಣಮಾಪಕವೊಂದಿದೆ. ನುಂಗಿದರೆ ಹೊಟ್ಟೆಯೊಳಗಿಂದಲೇ ನಿಜವಾದ ತಾಪ ತಿಳಿಸಿ, ಆಮೇಲೆ ತಾನೇ ಹೊರಗೆ ಹೋಗುತ್ತದೆ. ಅದರ ಅಂಕಿಯನ್ನೂ ಪಟ್ಟಿಯ ಅಂಕಿಯನ್ನೂ ಅಕ್ಕಪಕ್ಕ ಇಟ್ಟರೆ ಸುಳ್ಳು ಬಯಲಾಗುತ್ತದೆ. ಗುಳಿಗೆಗಳ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಅವಳು ಅಗ್ನೇಲಾಳ ಮನೆಗೆ ಹೋದಳು.

ರುಜಾಯ್ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಹಳೆಬಟ್ಟೆಯ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಈಗ ಸೂಜಿ ಹಿಡಿದರೆ ಬೆರಳು ನಡುಗುತ್ತಿತ್ತು. ಅಗ್ನೇಲಾ ತಂಗಿಯ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿಕೊಟ್ಟು, ಬಂದವಳ ಕಡೆ ತಿರುಗಿದಳು. ವಾರಿಜಾ ಎಲ್ಲ ವಿವರಿಸಿದಳು. ಅಗ್ನೇಲಾ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಅಂದ್ರ ಅಳೀಲಿಕ್ಕ ಬಂದೀರಿ ಅನ್ರಿ."

"ಹೌದು. ಆದ್ರ ನಿಮ್ಮ ಒಳ್ಳೇದಕ್ಕ..."

"ಎಲ್ಲಾರೂ ಹಂಗ ಅಂದ್ಕೋತನ ಬಂದಾರ್ರಿ ಮೇಡಂ. ನಮ್ಮಜ್ಜಿ ತಲಿ ಅಳದ್ರು. ನಮ್ಮವ್ವನ ರಕ್ತ ತಗೊಂಡ್ರು. ನಾ ಸಣ್ಣಾಕಿದ್ದಾಗ ಓಡ್ಸಿ ಓಡ್ಸಿ ಗಡಿಯಾರ ನೋಡಿದ್ರು. ಏನು ಸಿಕ್ತು ಅಂತ ಒಬ್ಬರಾದ್ರೂ ತಿರುಗಿ ಬಂದು ಹೇಳ್ಯಾರೇನು? ಈಗ ಹೊಟ್ಟಿಯೊಳಗ ಹೊಕ್ಕು ಅಳೀತೀವಿ ಅಂತೀರಿ."

ವಾರಿಜಾಳ ಮುಖ ಬಿಸಿಯಾಯಿತು. ಎದ್ದು ಹೋಗಬೇಕು ಅನ್ನಿಸಿತು. ಆದರೆ ರುಜಾಯ್‌ಳ ಬೆರಳುಗಳತ್ತ ಕಣ್ಣು ಹೋಗಿ ಅಲ್ಲೇ ಕೂತಳು.

"ಹಂಗಾದ್ರ ಹೆಂಗ ಮಾಡೂಣು, ನೀವ ಹೇಳ್ರಿ," ಅಂದಳು. "ಮಾಡೂದೇ ಬ್ಯಾಡ ಅಂದ್ರ ನಾ ಪೆಟ್ಟಿಗಿ ತಗೊಂಡು ಹೋಗ್ತೀನಿ."

ಅಗ್ನೇಲಾ ಅವಳನ್ನೊಮ್ಮೆ ಪೂರ್ತಿ ನೋಡಿದಳು. "ರವಿವಾರ ಬರ್ರಿ. ಚರ್ಚ್ ಬಿಟ್ಟ ಮ್ಯಾಲೆ ಎಲ್ಲಾರೂ ಕೂಡಿರ್ತಾರ. ನಾ ಒಬ್ಬಾಕಿ ಹೇಳೂದಲ್ಲ ಇದು."

ಆ ಭಾನುವಾರದ ಸಭೆ ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ನಡೆಯಿತು. ಮಧ್ಯಾಹ್ನದ ಪಾಳಿಯವರಿಗೆ ಮುಂದಾಳಾಗಿದ್ದ ಇನಾಸ್ ಮಾಮಾ ಎಲ್ಲರಿಗಿಂತ ಜೋರಾಗಿ ವಿರೋಧಿಸಿದ. ಎಳೆದಾಡಿ ಎಳೆದಾಡಿ ಒಂದು ಒಪ್ಪಂದವಾಯಿತು. ಕೇರಿಯವರು ಬರಿ ಪರೀಕ್ಷೆಗೆ ಒಳಗಾಗುವವರಾಗಿ ಇರುವುದಿಲ್ಲ, ಸಂಶೋಧನೆಯ ತಂಡದಲ್ಲಿ ಅರ್ಧದಷ್ಟು ಅವರೇ ಇರುತ್ತಾರೆ. ಅಳತೆಗಳನ್ನೆಲ್ಲ ಜೋಡಿ ಕೀಲಿಯ ಗಣಕದಲ್ಲಿ ಇಡಬೇಕು. ಒಂದು ಕೀಲಿ ವಿಶ್ವವಿದ್ಯಾಲಯದ ಹತ್ತಿರ, ಇನ್ನೊಂದು ಕೇರಿಯ ಹತ್ತಿರ. ಎರಡೂ ಸೇರದೆ ಒಂದು ಅಂಕಿಯೂ ಹೊರಗೆ ಹೋಗಬಾರದು. ಕೊನೆಗೆ ಹಿಂದೆ ಕೂತಿದ್ದ ಒಬ್ಬ ಮುದುಕಿ ಕೊಂಕಣಿಯಲ್ಲಿ ಏನೋ ಅಂದಳು. ಎಲ್ಲರೂ ನಕ್ಕರು.

"ಏನಂದ್ರು?" ವಾರಿಜಾ ಕೇಳಿದಳು.

"ಮೊದಲ ನೀವು ನುಂಗಬೇಕಂತ," ಅಂದಳು ಅಗ್ನೇಲಾ. "ನುಂಗಿ ನಮ್ಮ ಜೋಡಿ ಬಿಸಲಾಗ ಫಲಕ ತೊಳೀಬೇಕಂತ."

ವಾರಿಜಾ ನೀರು ಕೇಳಿ ಅಲ್ಲೇ ಗುಳಿಗೆ ನುಂಗಿದಳು.

ವಿಶ್ವವಿದ್ಯಾಲಯದ ಸಮಿತಿಗೆ ಜೋಡಿ ಕೀಲಿಯ ಮಾತು ಹಿಡಿಸಲಿಲ್ಲ. ಅಳತೆ ಮಾಡುವವರು ನಾವು, ಬೀಗ ಅವರದೇ? ಎಂದು ಒಬ್ಬ ಪ್ರಾಧ್ಯಾಪಕರು ಸಿಡುಕಿದರು. ಮೈ ಅವರದು ಎಂದು ವಾರಿಜಾ ಹೇಳಿದಳು. ಆ ಚಳಿಗಾಲವೆಲ್ಲ ಅವಳು ಸಮಿತಿಯ ಬಾಗಿಲು ಕಾಯ್ದಳು. ಕೊನೆಗೆ ಅವಳ ಬೆನ್ನಿಗೆ ನಿಂತದ್ದು ಗುರುಶಾಂತ. "ಆ ಕೇರಿಯವರು ಗುಳಿಗಿ ನುಂಗದಿದ್ರ ನಿಮ್ಮ ಹತ್ರ ಅಳತೀನೇ ಇರಂಗಿಲ್ಲ, ಬೀಗ ಯಾವುದಕ್ಕ ಹಾಕ್ತೀರಿ?" ಎಂದು ಅವರು ಕೇಳಿದ ಮೇಲೆ ಸಹಿ ಬಿತ್ತು.

ಬಿಸಿಲು ಏರುತ್ತಿದ್ದಂತೆ ಕೆಲಸ ಶುರುವಾಯಿತು. ಅಗ್ನೇಲಾ ಮತ್ತು ಕೇರಿಯ ಆರೆಂಟು ಮಂದಿ ಅಳತೆಯ ಯಂತ್ರ ನಡೆಸುವುದು ಕಲಿತರು. ಪ್ರಯೋಗಾಲಯದವರು ಬಟ್ಟೆ ಹಿಂಡಿ ಫಲಕ ಒರೆಸುವುದು ಕಲಿತರು. ವಾರಿಜಾ ಒರೆಸಿದ ಫಲಕವನ್ನು ಇನಾಸ್ ಮಾಮಾ ಎರಡನೇ ಸಲ ಒರೆಸುತ್ತಿದ್ದ. "ಓದಿದವರ ಕೈ," ಎಂದು ತಲೆ ಅಲ್ಲಾಡಿಸುತ್ತಿದ್ದ. ಅವಳ ತುಂಬು ತೋಳಿನ ಅಂಗಿ ಬೆವರಿನಿಂದ ಉಪ್ಪುಗಟ್ಟಿದ ದಿನ ಮಾತ್ರ ತನ್ನ ಟವೆಲ್ಲನ್ನು ನೀರಲ್ಲಿ ಅದ್ದಿ ಅವಳ ಹೆಗಲಿಗೆ ಹಾಕಿದ.

ಅಂಥದೇ ಒಂದು ಮಧ್ಯಾಹ್ನ ವಾರಿಜಾಳ ತಿಳಿಬಣ್ಣದ ಕೈಯ ಮೇಲಿನ ಪಟ್ಟಿ ಕೆಂಪಾಗಿ ಕೂಗಿಕೊಂಡಿತು. ಮೇಸ್ತ್ರಿ ಓಡಿ ಬಂದು, "ಮೇಡಂ, ನೆರಳಿಗೆ ಬರ್ರಿ," ಅಂದ. ಅವಳು ಪಕ್ಕದಲ್ಲಿದ್ದ ಅಗ್ನೇಲಾಳ ಕೈ ನೋಡಿದಳು. ಹಸಿರು. ಇಬ್ಬರೂ ಆ ಮುಂಜಾನೆ ನುಂಗಿದ್ದ ಗುಳಿಗೆಗಳ ಅಂಕಿ ತೋರಿಸುವ ಸಣ್ಣ ಪರದೆ ಅಗ್ನೇಲಾಳ ಸೊಂಟದಲ್ಲಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನು ನೋಡಿದರು. ಒಳಗಿನ ತಾಪ ಇಬ್ಬರದೂ ಒಂದೇ ಇತ್ತು.

ಅಗ್ನೇಲಾ ಪರದೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. "ಸಾಂತಾನಜ್ಜಗ ಹಿಂಗ ಆಗಿತ್ತಲ್ಲ? ಅಂವಾ ಆವತ್ತು ತಲಿ ಸುತ್ತತೈತಿ ಅಂದಿದ್ದ. ನಾವ ಅಂದಿದ್ವಿ, ಪಟ್ಟಿ ಹಸರ ಐತಿ, ಏನಾಗಂಗಿಲ್ಲ ಅಂತ."

ವಾರಿಜಾ ಅವಳ ಕೈ ಹಿಡಿದು ನೆರಳಿಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಬೇಡ ಅನ್ನಲಿಲ್ಲ.

ಪರಿಹಾರ ಕಷ್ಟದ್ದಾಗಿರಲಿಲ್ಲ. ಪ್ರತಿ ಪಟ್ಟಿಯೊಳಗೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಇನ್ನೊಂದು ದೀಪವಿತ್ತು. ನಿದ್ದೆ ಅಳೆಯಲೆಂದು ಇಟ್ಟು ಯಾರೂ ಬಳಸದೆ ಬಿಟ್ಟದ್ದು. ಆ ಬೆಳಕಿಗೆ ಚರ್ಮದ ಬಣ್ಣ ಅಷ್ಟಾಗಿ ಅಡ್ಡ ಬರುವುದಿಲ್ಲ. ಗುಳಿಗೆಗಳ ಅಂಕಿಯನ್ನು ಆಧಾರವಾಗಿಟ್ಟು ವಾರಿಜಾ ಹೊಸ ಸೂತ್ರ ಕಟ್ಟಿದಳು. ಪಟ್ಟಿ ಬದಲಿಸಬೇಕಾಗಿಯೇ ಇರಲಿಲ್ಲ, ನಿಯಂತ್ರಣ ಕೊಠಡಿಯಿಂದ ಸೂತ್ರ ಕಳಿಸಿದರೆ ಸಾಕು. ಇದರಿಂದ ಸಿದ್ದಿಗಳಿಗಷ್ಟೇ ಉಪಯೋಗವಲ್ಲ ಎಂಬುದೂ ತಿಳಿಯಿತು. ರಾಯಚೂರಿನ ಹತ್ತಿ ಹೊಲ, ಬಳ್ಳಾರಿಯ ಗಣಿ, ಕಲಬುರಗಿಯ ರಸ್ತೆ, ಹೀಗೆ ಕಪ್ಪು ಮೈಯವರು ದುಡಿಯುವ ಕಡೆಯೆಲ್ಲ ಹಳೆಯ ಪಟ್ಟಿ ಸ್ವಲ್ಪ ಸ್ವಲ್ಪ ಸುಳ್ಳು ಹೇಳುತ್ತಿತ್ತು.

ಸೂತ್ರ ಇನ್ನೂ ಹೊರಬೀಳದೆ ಜೋಡಿ ಕೀಲಿಯ ಗಣಕದಲ್ಲಿದ್ದಾಗಲೇ ದೊಡ್ಡ ಬಿಸಿಗಾಳಿಯ ಮುನ್ಸೂಚನೆ ಬಂತು.

ಗುರುಶಾಂತ ವಾರಿಜಾಳನ್ನು ಕೊಠಡಿಗೆ ಕರೆದರು. ನಕಾಶೆಯ ಮೂಡಣ ಅಂಚಿನಿಂದ ತಾಪದ ಅಲೆ ಏರಿ ಬರುತ್ತಿತ್ತು. "ನಾಳಿ ಮಧ್ಯಾಹ್ನದೊಳಗ ಇಲ್ಲಿ ಬರ್ತದ. ಸೂತ್ರ ಇವತ್ತ ಬೇಕು."

"ಕೇರಿಯವ್ರನ್ನ ಕೇಳ್ಬೇಕು ಸರ್."

"ಕೇಳು, ಆಮ್ಯಾಲೆ ಕೇಳು. ನಿನ್ನ ತಲ್ಯಾಗ ಸೂತ್ರ ಅದ. ಬರದು ಕೊಟ್ರ ಎಷ್ಟು ಜೀವ ಉಳೀತಾವ, ಗೊತ್ತದ ಏನು?"

ಗೊತ್ತಿತ್ತು. ಬರೆದುಕೊಟ್ಟರೆ ಜೀವ ಉಳಿಯುತ್ತವೆ. ಬರೆದುಕೊಟ್ಟರೆ ಅವಳೂ ಅಳೆದುಕೊಂಡು ಹೋದವರಲ್ಲಿ ಒಬ್ಬಳಾಗುತ್ತಾಳೆ. ಆಮೇಲೆ ಆ ಕೇರಿಗೆ ಯಾರೇ ಹೋದರೂ ಬಾಗಿಲು ತೆರೆಯುವುದಿಲ್ಲ.

"ಸಂಜಿ ತನಕಾ ಟೈಮ್ ಕೊಡ್ರಿ ಸರ್," ಎಂದು ಕಾರು ಹತ್ತಿದಳು.

ಕೇರಿಯವರು ಶಾಲೆಯ ಅಂಗಳದ ಮಾವಿನ ಮರದ ಕೆಳಗೆ ಸೇರಿದರು. ಎಲ್ಲರೂ ಕೂಡಲೇ ಹೂಂ ಅನ್ನುತ್ತಾರೆ ಎಂದುಕೊಂಡಿದ್ದಳು ವಾರಿಜಾ. ಇನಾಸ್ ಮಾಮಾ ಎದ್ದು ನಿಂತ.

"ನಮಗ ಕೆಲಸ ಯಾಕ ಕೊಡ್ತಾರ, ಗೊತ್ತೈತೇನ್ರಿ? ನಮ್ಮ ಪಟ್ಟಿ ಕೆಂಪಾಗೂದಿಲ್ಲಂತ. ನಾಳಿಂದ ಎಲ್ಲಾರಕ್ಕಿಂತ ಮೊದಲ ನಮ್ಮದೇ ಕೆಂಪಾದ್ರ, ನಮ್ಮನ್ನ ಯಾರು ಕರೀತಾರ? ಸುಳ್ಳಿದ್ರೂ ಆ ಸುಳ್ಳಿನ ಮ್ಯಾಲೆ ನಮ್ಮ ಒಲಿ ಉರೀತೈತಿ."

ಇದನ್ನು ವಾರಿಜಾ ಯೋಚಿಸಿಯೇ ಇರಲಿಲ್ಲ. ಮಾಮಾ ಹೇಳಿದ್ದು ನಿಜವೆಂದು ಅಗ್ನೇಲಾಳಿಗೂ ಗೊತ್ತಿತ್ತು.

ಆಗ ರುಜಾಯ್ ಮಾತಾಡಿದಳು. ಕುಸಿದು ಬಿದ್ದಂದಿನಿಂದ ಅವಳು ಸಭೆಯಲ್ಲಿ ಬಾಯಿ ಬಿಟ್ಟವಳಲ್ಲ. "ಮಾಮಾ, ನಾನೂ ಆ ಒಲಿ ಸಲುವಾಗೇ ಹೋಗಿದ್ದೆ," ಎಂದು ತನ್ನ ಕೈ ಮುಂದೆ ಚಾಚಿದಳು. ಬೆರಳುಗಳು ಎಲೆಯ ಹಾಗೆ ಅದುರುತ್ತಿದ್ದವು. "ಈಗ ಒಲಿ ಹಚ್ಚಾಕ ಕಡ್ಡಿ ಗೀರಾಕ ಬರೂದಿಲ್ಲ ನನಗ."

ಇನಾಸ್ ಮಾಮಾ ಕೂತುಬಿಟ್ಟ. ಮುಖ ಒರೆಸಿಕೊಂಡ. ಅವನು ಯೋಚಿಸುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಆಮೇಲೆ ವಾರಿಜಾಳನ್ನು ಕೇಳಿದ, "ಅಕ್ಕಾರ, ಪಟ್ಟಿ ಯಾರದು ಕೆಂಪಾತು ಅಂತ ಮೇಸ್ತ್ರಿಗೆ ಗೊತ್ತಾಗಲೇಬೇಕೇನು?"

"ಅಂದ್ರ?"

"ಇಬ್ಬರು ಮೂವರದು ಕೆಂಪಾತು ಅನ್ರಿ. ಆಗ ಎಲ್ಲಾರ ಪಟ್ಟೀನೂ ಒಮ್ಮೆಲೇ ಕೆಂಪಾಗ್ಲಿ. ಬಯಲಿಗೆ ಬಯಲೇ ನಿಲ್ಲಲಿ. ಆಗ ಯಾವ ಜಾತಿ, ಯಾವ ಬಣ್ಣ ಅಂತ ನೋಡಿ ಆಳು ಆರ್ಸೂದು ಹೆಂಗ?"

ವಾರಿಜಾ ಫೋನ್ ತೆಗೆದು, ಎಲ್ಲರಿಗೂ ಕೇಳುವ ಹಾಗೆ ಇಟ್ಟು, ಗುರುಶಾಂತರಿಗೆ ಹೇಳಿದಳು.

"ಕಾನೂನಿನೊಳಗ ವ್ಯಕ್ತಿಗೆ ಅಂತ ಅದ, ಜಾಗಕ್ಕ ಅಂತ ಇಲ್ಲ," ಅಂದಿತು ಫೋನಿನ ದನಿ. "ಪ್ರಯತ್ನ ಮಾಡ್ತೀನಿ."

"ಪ್ರಯತ್ನ ಅಂದ್ರ ಕೀಲಿನೂ ಪ್ರಯತ್ನ ಮಾಡ್ತೈತ್ರಿ ಸಾಹೇಬ್ರ," ಎಂದು ಅಗ್ನೇಲಾ ಫೋನಿನತ್ತ ಬಾಗಿ ಹೇಳಿದಳು. ಅಂಗಳದಲ್ಲಿ ನಗು ಹೊಮ್ಮಿತು. ಆ ಕಡೆಯಿಂದಲೂ ಸಣ್ಣ ನಗು ಕೇಳಿಸಿತು.

ಬಿಸಿಗಾಳಿಯ ಕಾಲದಲ್ಲಿ ವಿಶೇಷ ಆದೇಶ ಹೊರಡಿಸುವ ಅಧಿಕಾರ ಗುರುಶಾಂತರಿಗಿತ್ತು. ಅದನ್ನು ಎಂದೂ ಬಳಸಿರಲಿಲ್ಲ, ಬಳಸಿದರೆ ಗುತ್ತಿಗೆದಾರರ ಸಿಟ್ಟನ್ನೆಲ್ಲ ಹೊರಬೇಕಿತ್ತು. ಹೊತ್ತು ಮುಳುಗುವ ಮುಂಚೆ ಆದೇಶ ಬಂತು: ಇಬ್ಬರು ಮೂವರ ಪಟ್ಟಿ ಕೆಂಪಾದರೆ ಇಡೀ ಬಯಲು ನಿಲ್ಲಬೇಕು. ಅಗ್ನೇಲಾ ಅದನ್ನು ಗಟ್ಟಿಯಾಗಿ ಓದಿ, ಕೊಂಕಣಿಯಲ್ಲಿ ಮತ್ತೊಮ್ಮೆ ಹೇಳಿದಳು. ಕೈಗಳು ಮೇಲೆದ್ದವು. ಇನಾಸ್ ಮಾಮಾ ಕೊನೆಗೆ ಎತ್ತಿದ, ಆದರೂ ಎತ್ತಿದ. ಶಾಲೆಯ ಗಣಕದ ಮುಂದೆ ಅಗ್ನೇಲಾ ಮತ್ತು ವಾರಿಜಾ ಅಕ್ಕಪಕ್ಕ ಕೂತು ತಮ್ಮ ತಮ್ಮ ಕೀಲಿ ಒತ್ತಿದರು.

ಮರುದಿನ ಮಧ್ಯಾಹ್ನ ಧಾರವಾಡದ ನಿಯಂತ್ರಣ ಕೊಠಡಿಯಲ್ಲಿ ಪರದೆ ಕಾಯುತ್ತಿದ್ದ ಹುಡುಗಿ ಚೀರಿದಳು. "ಸರ್, ನಕಾಶೆ ಕೆಟ್ಟದ! ಎಲ್ಲಾ ಕಡೆ ಕೆಂಪು ಬರ್ಲಿಕ್ಕತ್ತದ!"

ರಾಯಚೂರು, ಬಳ್ಳಾರಿ, ಕೊಪ್ಪಳ, ಹಳಿಯಾಳ. ಎಂದೂ ಕೆಂಪಾಗದಿದ್ದ ಮೂಲೆಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

"ಕೆಟ್ಟಿಲ್ಲ," ಅಂದರು ಗುರುಶಾಂತ. "ಇಷ್ಟೂ ಮಂದಿ ಮೊದಲಿಂದ ಅಲ್ಲೇ ಇದ್ರು. ಟ್ಯಾಂಕರ್ ಹೊರಡಸ್ರಿ. ಕೆಂಪಿರೋ ಎಲ್ಲಾ ಕಡೆ ಹೊರಡಸ್ರಿ."

ಸೌರ ಬಯಲಿನಲ್ಲಿ ಎಲ್ಲ ಪಟ್ಟಿಗಳೂ ಒಟ್ಟಿಗೆ ಕೂಗಿದವು. ಸಿದ್ದಿಗಳು, ಕಲಘಟಗಿ ಕಡೆಯಿಂದ ಬಂದ ಆಳುಗಳು, ಮೇಸ್ತ್ರಿ ಸಮೇತ ಎಲ್ಲರೂ ಫಲಕ ಬಿಟ್ಟು ಶೆಡ್ಡಿನ ನೆರಳಿಗೆ ನಡೆದರು. ಗುತ್ತಿಗೆದಾರ ಫೋನಿನಲ್ಲಿ ಒದರಾಡಿದ. ಆದೇಶ ಕೈಯಲ್ಲಿ ಹಿಡಿದಿದ್ದ ಮೇಸ್ತ್ರಿ, "ನನ್ನದೂ ಕೆಂಪೈತ್ರಿ ಮಾಲಕರ," ಎಂದು ಫೋನ್ ಇಟ್ಟ. ಒಬ್ಬ ಹೆಂಗಸು ಬುತ್ತಿ ಬಿಚ್ಚಿ ಮಜ್ಜಿಗೆ ಹಂಚಿದಳು. ಇನಾಸ್ ಮಾಮಾನಿಗೆ ಮಧ್ಯಾಹ್ನ ಕುಳಿತು ಅಭ್ಯಾಸವಿರಲಿಲ್ಲ. ಎರಡು ಸಲ ಎದ್ದು ನಿಂತ. ಮೂರನೇ ಸಲ ಗೋಡೆಗೆ ಒರಗಿದವನು ಬಾಯಿ ತೆರೆದುಕೊಂಡು ನಿದ್ದೆ ಹೋದ.

ಆ ಬಿಸಿಗಾಳಿಯಲ್ಲೂ ಸಾವುಗಳಾದವು. ಆದರೆ ಹಿಂದಿನ ಯಾವ ಬಿಸಿಗಾಳಿಗಿಂತಲೂ ಕಡಿಮೆ. ಸೌರ ಬಯಲಿನಲ್ಲಿ ಒಬ್ಬರೂ ಸಾಯಲಿಲ್ಲ. ಬಿಸಿಲು ತಾಳುವ ರಕ್ತದ ಮಾತು ಬರೆದಿದ್ದವರು ಬರೆದದ್ದನ್ನು ಹಿಂತೆಗೆದುಕೊಂಡರು. ಸಾಂತಾನಜ್ಜನ ಸಾವಿನ ಕಾರಣವನ್ನು ತಿದ್ದಬೇಕೆಂದು ಹಳಿಯಾಳದ ವೈದ್ಯೆಯೇ ಅರ್ಜಿ ಹಾಕಿದಳು. ವಿಶೇಷ ಆದೇಶವನ್ನು ಕಾಯಂ ಕಾನೂನು ಮಾಡುವ ಜಗಳ ಇನ್ನೂ ನಡೆದಿತ್ತು.

ಮಳೆ ಹಿಡಿಯುವ ಮುಂಚೆ ಒಂದು ಸಂಜೆ ವಾರಿಜಾ ಫೋನ್ ಮಾಡಿದಳು. "ಅಗ್ನೇಲಾಬಾಯಿ, ರಾಯಚೂರಿನ ಪೌರಕಾರ್ಮಿಕರ ಓಣಿಯವ್ರು ಕರ್ದಾರ. ಅವರ ಓಣಿ ರಾತ್ರೀನೂ ತಣ್ಣಗಾಗೂದಿಲ್ಲಂತ, ಯಾಕಂತ ಕಂಡ್ಹಿಡೀಬೇಕಂತ. ಜೋಡಿ ಕೀಲಿ ಅವರಿಗೂ ಬೇಕಂತ."

"ಹೋಗಿ ಬರ್ರಿ ಅಕ್ಕಾರ. ಒಳ್ಳೇದಾತು."

"ನನ್ನನ್ನಲ್ಲ, ನಿಮ್ಮನ್ನ ಕರ್ದಾರ. ಯುನಿವರ್ಸಿಟಿಯವ್ರ ಜೋಡಿ ಹೆಂಗ ಮಾತಾಡಬೇಕು ಅನ್ನೋದನ್ನ ನಿಮ್ಮ ಬಾಯಿಂದನ ಕೇಳ್ತಾರಂತ. ನಾ ಆಮ್ಯಾಲೆ ಬಂದ್ರ ಸಾಕಂತ."

ಅಗ್ನೇಲಾ ನಕ್ಕುಬಿಟ್ಟಳು. ಅಷ್ಟು ದೂರ ಅವಳು ಎಂದೂ ಹೋದವಳಲ್ಲ. ಫೋನ್ ಇಟ್ಟು ಒಳಗೆ ಹೋಗಿ, ಗಂಟಿಗೆ ಎರಡು ಸೀರೆ ಇಡುತ್ತ, ತಂಗಿಗೆ ಹೇಳಿದಳು. ರುಜಾಯ್ ಕೇಳಿಸಿಕೊಂಡು ಸುಮ್ಮನೆ ಒಳಕೋಣೆಗೆ ಹೋದಳು. ಬೇಸರವಾಯಿತೇನೋ ಎಂದು ಅಗ್ನೇಲಾ ಹಿಂದೆಯೇ ಹೋಗಿ ನೋಡಿದರೆ, ಅವಳು ತನ್ನ ಸೀರೆಯೊಂದನ್ನು ನಡುಗುವ ಕೈಯಿಂದ ಮಡಚುತ್ತಿದ್ದಳು.

"ನೀ ಎಲ್ಲಿಗಿ?"

"ನೀ ಮಾತಾಡಾಕಿ, ಅಕ್ಕಾ. ಆದ್ರ ಬಿಸಲು ಬಡದ್ರ ಏನಾಗ್ತೈತಿ ಅಂತ ಹೇಳಾಕ ಯಾರರ ಬೇಕಲ್ಲ," ಎಂದು ರುಜಾಯ್ ಸೀರೆಯನ್ನು ತಂದು ಅಕ್ಕನ ಗಂಟಿನೊಳಗೆ ಇಟ್ಟಳು.